ನೇತ್ರಾವತಿಯ ನೆರೆ ನಕಾಶೆ

ಪಶ್ಚಿಮ ಘಟ್ಟಗಳಲ್ಲಿ ಹುಟ್ಟುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೊಡನೆ ಕೂಡಿ, ಬಂಟ್ವಾಳದ ಮೂಲಕ ಹರಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಘಟ್ಟದ ಕಡಿದಾದ ಇಳಿಜಾರಿನಲ್ಲಿ ಧಾವಿಸಿ ಬಂದ ನೀರು ತಗ್ಗಿನಲ್ಲಿ ವೇಗ ಕಳೆದುಕೊಂಡು ದಡ ಮೀರುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಉಬ್ಬರವಿದ್ದರೆ ಅಳಿವೆಯ ಬಳಿ ನೀರು ಇಳಿಯುವುದು ಇನ್ನೂ ತಡ. 1923 ಮತ್ತು 1974ರ ನೆರೆಗಳು ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದವು.

ಅಂಥ ನೆರೆ ಮತ್ತೆ ಬಂದರೆ ಎಲ್ಲಿ ಎಷ್ಟು ನೀರು ನಿಲ್ಲುತ್ತದೆ? ನಕಾಶೆಯ ತಿರುಳು ಒಂದು ವ್ಯವಕಲನ: ನೀರಿನ ಮಟ್ಟದಿಂದ ನೆಲದ ಎತ್ತರವನ್ನು ಕಳೆಯಬೇಕು. ಎರಡನ್ನೂ ಸರಾಸರಿ ಸಮುದ್ರ ಮಟ್ಟದಿಂದಲೇ ಅಳೆದಿರಬೇಕು. ಉದಾಹರಣೆಗೆ, ನೀರು 8.5 ಮೀಟರ್, ನೆಲ 7 ಮೀಟರ್ ಎತ್ತರದಲ್ಲಿದ್ದರೆ ಆಳ 1.5 ಮೀಟರ್.

ನೆಲದ ಎತ್ತರಕ್ಕೆ ಹೆಚ್ಚಾಗಿ ಬಳಸುವ ಮಾಹಿತಿಗಳಲ್ಲೊಂದು, 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದದ್ದು. ತೆಂಗು, ಅಡಿಕೆ ತೋಟಗಳಲ್ಲಿ ರೇಡಾರ್ ಅಲೆಗಳ ಬಹುಪಾಲು ನೆಲ ಮುಟ್ಟುವ ಮೊದಲೇ ಮರಗಳಿಂದ ಪ್ರತಿಫಲಿಸುವುದರಿಂದ ನೆಲ ಕೆಲವು ಮೀಟರ್ ಎತ್ತರವಾಗಿ ಕಾಣುತ್ತದೆ. ಆಗ, ಮುಳುಗುವ ಮನೆ ನಕಾಶೆಯಲ್ಲಿ ಸುರಕ್ಷಿತ! ನೆಲದ ಮೇಲಿನ ಸರ್ವೆಯಿಂದ ಇದನ್ನು ತಿದ್ದಲೇಬೇಕು.

ಹಳೆಯ ಗೋಡೆಗಳ ಮೇಲಿನ ನೆರೆಯ ಗುರುತುಗಳೂ ಬೆಲೆಯುಳ್ಳ ದತ್ತಾಂಶ. ವಿದ್ಯಾರ್ಥಿಗಳು ಅವನ್ನು ವರ್ಷಸಹಿತ ದಾಖಲಿಸಿ, ಗಾರೆಯವರು ಬಳಸುವ ನೀರು ತುಂಬಿದ ಕೊಳವೆಯಿಂದ ಎತ್ತರ ತಿಳಿದಿರುವ ಹತ್ತಿರದ ಸರ್ವೆ ಕಲ್ಲಿನೊಡನೆ ಹೋಲಿಸಿದರೆ, ನಕಾಶೆಯನ್ನೇ ಪರೀಕ್ಷಿಸಬಹುದು.