ಹಿರಿಯರಿಗೆ ಆಸರೆ, ಆರೈಕೆ ಮಾಡುವವರಿಗೆ ಬಿಡುವು

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳು ದುಡಿಮೆಗೆಂದು ಹುಬ್ಬಳ್ಳಿ, ಬೆಂಗಳೂರು, ಗೋವಾ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯಷ್ಟೇ ಉಳಿಯುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಹಾಸಿಗೆ ಹಿಡಿದ ಅತ್ತೆ, ಅವರನ್ನು ನೋಡಿಕೊಳ್ಳಲು ಸೊಸೆ ಒಬ್ಬಳೇ. ನೆರವು ಎರಡೂ ಕಡೆ ಬೇಕು.

ಮೊದಲು ಪಿಂಚಣಿ ನೋಡಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಅರ್ಜಿ ಕೊಡಬೇಕಾದದ್ದು ನಾಡಕಚೇರಿಯಲ್ಲಿ. ಬರುತ್ತಿದ್ದ ಹಣ ನಿಂತುಹೋದರೆ ಆಧಾರ್ ಖಾತೆಗೆ ಜೋಡಣೆಯಾಗಿದೆಯೇ ಎಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ, ಆಮೇಲೆ ನಾಡಕಚೇರಿಗೆ ಹೋಗಿ.

ರೇಷನ್ ಅಂಗಡಿಯ ಕಷ್ಟ ಬೇರೆಯೇ. ಜೀವನವಿಡೀ ಕಳೆ ಕಿತ್ತು, ಹತ್ತಿ ಬಿಡಿಸಿದ ಬೆರಳಿನ ಗೆರೆ ಸವೆದಿರುತ್ತದೆ. ಅಜ್ಜಿ ಸೆರಗಿಗೆ ಬೆರಳು ಒರೆಸಿ ಮತ್ತೆ ಮತ್ತೆ ಒತ್ತುತ್ತಾಳೆ, ಯಂತ್ರ ಒಪ್ಪುವುದಿಲ್ಲ, ಹಿಂದಿನ ಸಾಲು ಗೊಣಗುತ್ತದೆ. 80 ದಾಟಿದವರಷ್ಟೇ ಇರುವ ಮನೆಗೆ ಧಾನ್ಯ ತಲುಪಿಸುವ ‘ಅನ್ನ ಸುವಿಧಾ’ ಯೋಜನೆಯನ್ನು 2024-25ರ ರಾಜ್ಯ ಬಜೆಟ್ ಘೋಷಿಸಿತು. ಇದನ್ನು ಅಂಗಡಿಯವರ ಬಳಿಯೂ ಆಹಾರ ಇಲಾಖೆಯಲ್ಲಿಯೂ ಕೇಳಿ ಪಡೆಯಬೇಕು.

ಮಕ್ಕಳು ಕೈಬಿಟ್ಟರೆ 2007ರ ಪಾಲಕರ ಪೋಷಣೆ ಕಾಯ್ದೆ ಇದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗೆ ಕೊಡಬೇಕು: ಹಾನಗಲ್ಲ, ಶಿಗ್ಗಾವಿ, ಸವಣೂರಿನವರು ಸವಣೂರಿನಲ್ಲಿ, ಹಿರೇಕೆರೂರಿನವರು ಹಾವೇರಿಯಲ್ಲಿ. ವಕೀಲರ ಖರ್ಚಿಲ್ಲದೆ ತಾವೇ ಹೋಗಿ ಹೇಳಿಕೊಳ್ಳಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಹೊಲ, ಮನೆ ಮಕ್ಕಳ ಹೆಸರಿಗೆ ಮಾಡುವ ಹಿರಿಯರಿಗೆ ನಾನು ಒತ್ತಿ ಹೇಳುವುದು ಒಂದೇ. ‘ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಅದು ಕಾಗದದಲ್ಲಿದ್ದರೆ, ಮಾತು ತಪ್ಪಿದವರಿಂದ ಆಸ್ತಿ ಮರಳಿ ಪಡೆಯುವ ದಾರಿ 23ನೇ ಕಲಮಿನಲ್ಲಿದೆ. ಬಾಯಿಮಾತನ್ನು ನಂಬಿ ಸಹಿ ಹಾಕಿದವರು ಸಾಬೀತು ಮಾಡಲು ಬಹಳ ಒದ್ದಾಡುತ್ತಾರೆ.

ಇನ್ನು ಸೊಸೆಯ ವಿಷಯ. ಬಂದವರೆಲ್ಲ “ಅತ್ತಿಗೆ ಹೆಂಗೈತವಾ?” ಎಂದು ಕೇಳುತ್ತಾರೆ, ಆಕೆ ರಾತ್ರಿ ನಿದ್ದೆ ಮಾಡಿದಳೇ ಎಂದು ಯಾರೂ ಕೇಳುವುದಿಲ್ಲ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗಬಾರದೆಂದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬಳೇ ಎಷ್ಟು ದಿನ ಮಾಡಿಯಾಳು? ಅರಳುಮರಳು ಎಂದು ನಾವು ಬಿಟ್ಟುಬಿಡುವ ಮರೆವಿಗೂ, ಆರೈಕೆಯಲ್ಲಿ ಬಸವಳಿದವರ ಮನಸ್ಸಿನ ಭಾರಕ್ಕೂ ವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567.

ಸರ್ಕಾರ ಕೊಡಲಾಗದ್ದು ಬಿಡುವು. ಅದನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೊಡಬಲ್ಲರು. ವಾರದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕದ ಜೊತೆಗೆ, ಈ ವಾರ ಯಾರ ಮನೆಯಲ್ಲಿ ಯಾರು ಎರಡು ತಾಸು ಕೂಡಬೇಕು ಎಂದು ಪಾಳಿ ಹಾಕಿಕೊಳ್ಳಬಹುದು. ಹೊರಡುವ ಮುನ್ನ ಸೊಸೆ ಇಷ್ಟು ಹೇಳಿಟ್ಟರೆ ಸಾಕು: ಗುಳಿಗೆ ಯಾವಾಗ, ನೀರು ಕುಡಿಸುವಾಗ ತಲೆ ಎಷ್ಟು ಎತ್ತಬೇಕು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು.