ತಗಡಿನ ಚಾವಣಿಯ ರಚನಾ ವಿಶ್ಲೇಷಣಾ ವರದಿ: ಅರ್ಜಿದಾರರ ಗಮನಕ್ಕೆ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳಲ್ಲಿ ಅಡಿಕೆ ಅಂಗಳ, ಗೋದಾಮು ಅಥವಾ ತಾರಸಿಯ ಮೇಲೆ ತಗಡಿನ ಚಾವಣಿ ನಿರ್ಮಿಸಲಿಚ್ಛಿಸುವವರು ಅರ್ಜಿಯೊಂದಿಗೆ ಲಗತ್ತಿಸುವ ಗಣಕೀಕೃತ ವಿಶ್ಲೇಷಣಾ ವರದಿಯು ಅನೇಕ ವೇಳೆ ನೂರಾರು ಪುಟಗಳಷ್ಟಿರುತ್ತದೆ. ತಂತ್ರಾಂಶವು ಪ್ರತಿಯೊಂದು ಭಾರ ಸಂಯೋಜನೆಗೂ ಪ್ರತ್ಯೇಕ ಫಲಿತಾಂಶ ನೀಡುವುದೇ ಇದಕ್ಕೆ ಕಾರಣ. ಮುಂಬಯಿ ಹೈ ತೈಲಕ್ಷೇತ್ರದಲ್ಲಿರುವಂತಹ ಕಡಲ ವೇದಿಕೆಗಳಿಗೆ ಅಲೆ ಬಡಿಯುವ ಒಂದೊಂದು ದಿಕ್ಕಿಗೂ ಲೆಕ್ಕ ಹಾಕಲಾಗುತ್ತದೆ; ಅವುಗಳಿಂದ ನಿರ್ಣಾಯಕ ಫಲಿತಾಂಶವನ್ನು ಹೆಕ್ಕುವುದು ಪ್ರತ್ಯೇಕ ಕಾರ್ಯವೇ ಆಗಿದೆ. ಸಣ್ಣ ಚಾವಣಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಸಂಕ್ಷಿಪ್ತ ಪಟ್ಟಿಯಲ್ಲಿ ಗರಿಷ್ಠ ಮೌಲ್ಯಗಳನ್ನಷ್ಟೇ ಮುದ್ರಿಸಿದಲ್ಲಿ, ಗಾಳಿಯು ಚಾವಣಿಯನ್ನು ಮೇಲೆತ್ತುವ ಬಲವು ಕಣ್ತಪ್ಪುವ ಸಂಭವವಿದೆ. ಭಾರತೀಯ ಮಾನಕ 875ರ 3ನೇ ಭಾಗವು (2015) ಮಂಗಳೂರಿಗೆ ಸೂಚಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಈ ವೇಗದ ಗಾಳಿಯ ಒತ್ತಡವು ಚದರ ಮೀಟರಿಗೆ ಸುಮಾರು 90 ಕಿಲೋಗ್ರಾಂ ಭಾರಕ್ಕೆ ಸಮ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ತೂಕವಾದರೋ ಅಷ್ಟೇ ವಿಸ್ತೀರ್ಣಕ್ಕೆ 4ರಿಂದ 5 ಕಿಲೋಗ್ರಾಂ ಮಾತ್ರ. ನಾಲ್ಕೂ ಕಡೆ ತೆರೆದಿರುವ ಅಂಗಳದ ಚಾವಣಿಯ ಅಡಿಗೆ ಗಾಳಿ ನುಗ್ಗುವುದನ್ನೂ ಮರೆಯುವಂತಿಲ್ಲ.

ಆದುದರಿಂದ, ಸ್ವಂತ ಭಾರವನ್ನು 0.9ರಿಂದಲೂ ಗಾಳಿಯ ಭಾರವನ್ನು 1.5ರಿಂದಲೂ ಗುಣಿಸಿದ ಸಂಯೋಜನೆಯಲ್ಲಿ (ಭಾರತೀಯ ಮಾನಕ 800, 2007) ಪ್ರತಿ ಕಂಬದ ಬುಡದ ಪ್ರತಿಕ್ರಿಯಾ ಬಲವೆಷ್ಟೆಂಬುದನ್ನು ತಮ್ಮ ಎಂಜಿನಿಯರರಿಂದ ಕೇಳಿ ಪಡೆಯತಕ್ಕದ್ದು. ಅಲ್ಲಿ ಋಣ ಚಿಹ್ನೆಯಿದ್ದಲ್ಲಿ, ಕಂಬವು ಮೇಲಕ್ಕೆ ಕೀಳಲ್ಪಡುತ್ತಿದೆ ಎಂಬುದು ಸಾಮಾನ್ಯ ಅರ್ಥ. ಆ ಬಲವನ್ನು ತಡೆಯುವಷ್ಟು ಬೋಲ್ಟು ಮತ್ತು ಅಡಿಪಾಯದ ತೂಕವನ್ನು ನಕ್ಷೆಯಲ್ಲಿ ತೋರಿಸಿರಬೇಕು. ಬಣ್ಣದ ಚಿತ್ರಗಳು ಎಷ್ಟೇ ಅಂದವಾಗಿದ್ದರೂ ಈ ಅಂಕಿಗೆ ಬದಲಿಯಲ್ಲ.

ಎಲ್ಲ ಕಂಬಗಳ ಪ್ರತಿಕ್ರಿಯೆಗಳ ಮೊತ್ತವು ಹೇರಿದ ಒಟ್ಟು ಭಾರಕ್ಕೆ ಸಮನಾಗಿರಬೇಕು. ಸುಮಾರು ಹತ್ತು ಪಟ್ಟು ವ್ಯತ್ಯಾಸ ಕಂಡುಬಂದಲ್ಲಿ, ಕಿಲೋನ್ಯೂಟನ್ ಹಾಗೂ ಟನ್ ಮಾನಗಳು ಬೆರೆತಿರುವುದನ್ನು ಮೊದಲು ಪರಿಶೀಲಿಸುವುದು.