ಬೆಳಕು ಹಾಯಿಸಿ ಕ್ಯಾನ್ಸರ್ ಗಡ್ಡೆ ಸುಡಬಹುದಾ?

ಬೆಳಕು ಹಾಯಿಸಿ ಕ್ಯಾನ್ಸರ್ ಗಡ್ಡೆಯನ್ನ ಸುಡಬಹುದಾ?
ಸುಟ್ಟಿದ್ದಾರೆ!
ಅದೂ ಚಿನ್ನದ ಕಣಗಳಿಂದ.

ಅಮೆರಿಕದ ಹ್ಯೂಸ್ಟನ್.
ಅಲ್ಲಿನ ರೈಸ್ ವಿಶ್ವವಿದ್ಯಾಲಯ.
ವಿಜ್ಞಾನಿ ನೇಯೋಮಿ ಹ್ಯಾಲಸ್ ಮತ್ತವರ ತಂಡ ಒಂದು ಪುಟಾಣಿ ಕಣ ಮಾಡಿದ್ರು.
ಒಳಗೆ ಸಿಲಿಕಾ.
ಮೇಲೆ ಚಿನ್ನದ ತೆಳು ಹೊದಿಕೆ.
ಹೆಸರು ನ್ಯಾನೊಶೆಲ್.

ಇದನ್ನ ರಕ್ತನಾಳಕ್ಕೆ ಕೊಡ್ತಾರೆ.
ಗಡ್ಡೆ ಅವಸರದಲ್ಲಿ ಬೆಳೆದಿರುತ್ತೆ.
ಅದರ ರಕ್ತನಾಳಗಳಲ್ಲಿ ಸಂದುಗಳಿರುತ್ತವೆ.
ಕಣಗಳು ಅಲ್ಲಿಂದ ನುಸುಳಿ,
ಗಡ್ಡೆಯೊಳಗೇ ಉಳೀತವೆ.

ಆಮೇಲೆ ಬರುತ್ತೆ ಬೆಳಕು.
ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್.

ಬಿಸಿಲಲ್ಲಿ ನಿಲ್ಲಿಸಿದ ಬೈಕ್ ನೆನಪಿಸಿಕೊಳ್ಳಿ.
ಬಿಸಿಲು ಎಲ್ಲದರ ಮೇಲೂ ಒಂದೇ.
ಕೂತಾಗ ಚುರುಕ್ ಅನ್ನೋದು ಕಪ್ಪು ಸೀಟು!
ಇಲ್ಲೂ ಹಾಗೇ.
ಬೆಳಕನ್ನ ಹೀರಿ ಕಾಯೋದು ಚಿನ್ನದ ಕಣ.
ಆ ಕಾವಿಗೆ ಗಡ್ಡೆಯ ಜೀವಕೋಶ ಸಾಯುತ್ತೆ.
ಸುತ್ತಲಿನ ಭಾಗ ಬಹುಪಾಲು ಉಳಿಯುತ್ತೆ.

ಮನುಷ್ಯರ ಮೇಲೆ ಪ್ರಯೋಗ ಆಗಿದೆಯಾ?
ಆಗಿದೆ.
ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಜನ.
2019ರಲ್ಲಿ ಫಲಿತಾಂಶ ಬಂತು.
15 ಜನರಿಗೆ ಚಿಕಿತ್ಸೆ ಯಶಸ್ವಿಯಾಗಿ ನಡೀತು.

ಆದರೆ ಒಂದು ಮಾತು.
ಅವರದ್ದು ಉಗ್ರ ಸ್ವರೂಪದ ಕ್ಯಾನ್ಸರ್ ಅಲ್ಲ.
ವೇಗವಾಗಿ ಹರಡೋ ಕ್ಯಾನ್ಸರ್‌ಗೆ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.
ಯಾಕೆ?
ಬೆಳಕು ಮೈಯೊಳಗೆ ಹೆಚ್ಚು ಆಳ ಇಳಿಯಲ್ಲ.
ರೋಗ ಹರಡಿದ ಕಡೆಗೆಲ್ಲ ಲೇಸರ್ ಹಿಡಿಯೋಕೂ ಆಗಲ್ಲ.

ಹಾಗಾಗಿ, ಈ ಚಿಕಿತ್ಸೆಯ ಹೆಸರು ಹೇಳಿ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬಬೇಡಿ.
ಈಗ ನಡೀತಿರೋ ಚಿಕಿತ್ಸೆ ನಿಲ್ಲಿಸಬೇಡಿ.
ಮೈಯಲ್ಲಿ ಹೊಸದಾಗಿ ಗಂಟು ಕಂಡ್ರೆ,
ಇವತ್ತೇ ಡಾಕ್ಟರ್‌ಗೆ ತೋರಿಸಿ.